ಬಾಲಕ್ಕೆ ಕಟ್ಟಿದ ಕಲ್ಲು

ಶಹಾಬಾದಿನಲ್ಲಿ ಖಾಲಿ ಪಿಕಪ್ ಓಡಿಸುವವರು ಯಾರೂ ಇಲ್ಲ. ದಿನವೂ ಲೋಡು ಸಿಗುತ್ತದೆ ಎಂದಲ್ಲ. ಲೋಡು ಇಳಿಸಿ ವಾಪಸು ಬರುವಾಗಲೂ ಹಿಂದಿನ ಗಾಲಿಗಳ ನೆತ್ತಿಯ ಮೇಲೆ ಮೂರು ನಾಲ್ಕು ಫರಸಿ ಕಲ್ಲುಗಳು ಮಲಗಿಯೇ ಇರುತ್ತವೆ. ಅವು ಮಾರುವ ಕಲ್ಲಲ್ಲ. ಅಂಚು ಮುರಿದದ್ದು, ಬಣ್ಣ ಕೆಟ್ಟದ್ದು. ಪಿಕಪ್ಪನ್ನು ದೂಡುವುದು ಹಿಂದಿನ ಗಾಲಿ. ಅದರ ಮೇಲೆ ಭಾರವಿಲ್ಲದಿದ್ದರೆ ಈ ಭಾಗದ ರಸ್ತೆಗಳಲ್ಲಿ ಗಾಡಿಯ ಬಾಲ ಮೇಕೆಮರಿಯಂತೆ ಕುಣಿಯುತ್ತದೆ, ಮಳೆ ಬಿದ್ದರೆ ಅಡ್ಡ ಹೋಗುತ್ತದೆ. ಹಿಂದೆ ಕಲ್ಲಿಲ್ಲದೆ ಗಾಡಿ ಹತ್ತುವುದೆಂದರೆ ಊರಿನ ಡ್ರೈವರುಗಳಿಗೆ ಬರಿಗಾಲಲ್ಲಿ ಬಜಾರಿಗೆ ಹೋದಂತೆ.

ಶಗುಫ್ತಾ ಡ್ರೈವಿಂಗ್ ಕಲಿತದ್ದು ಅಂಥ ಪಿಕಪ್ಪಿನಲ್ಲೇ. ಕಲಿಸಿದವರು ತಂದೆ ಹಾಜಿಸಾಬ. ಅಂಗಡಿಗೆ ಪಾಲಿಶ್ ಮಷಿನ್ ಬಂದ ಮೇಲೆ ಅವರು ಅದರ ಎದುರಿನಿಂದ ಕದಲುವಂತಿರಲಿಲ್ಲ. ಸ್ಟೇರಿಂಗ್ ಮಗಳ ಕೈಗೆ ಬಂತು. ಮೊದಲ ವರ್ಷ ಊರು ಮಾತಾಡಿತು, ಎರಡನೆಯ ವರ್ಷ ಸುಮ್ಮನಾಯಿತು, ಮೂರನೆಯ ವರ್ಷ ಕಲ್ಲು ಒಡೆಯದೆ ಬರಬೇಕಾದವರು ಆಕೆಯನ್ನೇ ಕೇಳತೊಡಗಿದರು. ದೊಡ್ಡ ಅಳತೆಯ ಫರಸಿಗಳನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಹುಲ್ಲು ತುರುಕಿ ಒಯ್ಯುತ್ತಾರೆ. ಒಂದು ಒರಟು ಬ್ರೇಕಿಗೆ ಇಡೀ ಸಾಲು ಒಂದರ ಮೇಲೊಂದು ಒರಗಿ ಸೀಳಿ ಹೋಗುತ್ತದೆ. ಹಾಜಿಸಾಬ ಮಗಳಿಗೆ ಎರಡೇ ಕಾಯಿದೆ ಹೇಳಿಕೊಟ್ಟಿದ್ದರು. ತಿರುವಿನ ಒಳಗೆ ಬ್ರೇಕ್ ಮುಟ್ಟಬಾರದು. ಮುಟ್ಟುವುದೆಲ್ಲ ತಿರುವಿಗಿಂತ ಮೊದಲು. ಇನ್ನೊಂದು, ಗಾಡಿ ಯಾಕೋ ಸರಿಯಿಲ್ಲ ಅನ್ನಿಸಿದರೆ ಎಕ್ಸಲೇಟರಿನಿಂದ ಕಾಲು ತೆಗೆಯಬೇಕು, ಯೋಚಿಸುವುದೆಲ್ಲ ಆಮೇಲೆ.

ಮೊದಲ ಕಾಯಿದೆ ಆಕೆಯನ್ನು ಕಾರು ಓಟದ ಟ್ರ್ಯಾಕಿಗೆ ತಂದಿತು. ಎರಡನೆಯದು ಟ್ರ್ಯಾಕಿನಲ್ಲಿ ಗಿರಗಿರನೆ ತಿರುಗಿಸಿತು.

ಟ್ರ್ಯಾಕಿಗೆ ಕರೆತಂದವಳು ಭಾಗ್ಯಶ್ರೀ. ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯಲ್ಲಿ ಇಂಜಿನಿಯರು. ವಾರದ ದಿನಗಳಲ್ಲಿ ಕಲ್ಲು ಸುಡುವ ಗೂಡಿನ ಉಷ್ಣತೆ ನೋಡುತ್ತಾಳೆ, ಭಾನುವಾರ ಒಂದು ಕ್ಲಬ್ಬಿನವರ ಜೊತೆ ಓಟದ ಕಾರು ಓಡಿಸುತ್ತಾಳೆ. ಒಮ್ಮೆ ಮಳಖೇಡದಿಂದ ಸೇಡಂ ಕಡೆಗೆ ಹೋಗುವಾಗ ಕಲ್ಲು ತುಂಬಿದ ಪಿಕಪ್ಪಿನ ಹಿಂದೆ ಸಿಕ್ಕಿಬಿದ್ದಳು. ಎಷ್ಟು ತಿರುವು ಕಳೆದರೂ ಮುಂದಿನ ಗಾಡಿ ಒಮ್ಮೆಯೂ ಒಂದು ಬದಿಗೆ ಕುಸಿಯಲಿಲ್ಲ. ಸಾಲಾಗಿ ನಿಂತ ಕಲ್ಲುಗಳು ನಮಾಜಿಗೆ ನಿಂತವರಂತೆ ಅಲುಗದೆ ನಿಂತಿದ್ದವು. ಸೇಡಂನಲ್ಲಿ ಗಾಡಿ ನಿಲ್ಲಿಸಿ ಇಳಿದ ಡ್ರೈವರು ಹೆಣ್ಣುಮಗಳು ಎಂದು ನೋಡಿ ಭಾಗ್ಯಶ್ರೀ ಅಲ್ಲೇ ಮಾತಿಗಿಳಿದಳು.

ಅವರ ಕ್ಲಬ್ಬಿನ ಟ್ರ್ಯಾಕು ಇರುವುದು ಶಹಾಬಾದಿಗೂ ವಾಡಿಗೂ ನಡುವೆ, ಕಲ್ಲು ತೆಗೆದು ಬಿಟ್ಟುಹೋದ ಒಂದು ಹಳೆಯ ಗಣಿಯಲ್ಲಿ. ಈ ಸೀಮೆಯ ಕಲ್ಲು ನೆಲದಲ್ಲಿ ಹೊತ್ತಿಗೆಯ ಹಾಳೆಗಳಂತೆ ಪದರ ಪದರವಾಗಿ ಮಲಗಿರುತ್ತದೆ. ಮೇಲಿನ ಪದರಗಳನ್ನು ಎಬ್ಬಿಸಿ ಒಯ್ದ ಮೇಲೆ ಕೆಳಗೆ ಉಳಿಯುವುದೂ ಫರಸಿಯೇ. ಯಾರೂ ಹಾಕದ, ಯಾರ ಮನೆಯೂ ಅಲ್ಲದ, ಹೊಲದಷ್ಟು ದೊಡ್ಡ ಅಂಗಳ. ಅದರ ಮೇಲೆ ಹಳೆಯ ಟೈರು ಮತ್ತು ಸುಣ್ಣ ಬಳಿದ ಕಲ್ಲುಗಳನ್ನಿಟ್ಟು ದಾರಿ ಗುರುತಿಸಿದ್ದಾರೆ. ಒಂದು ಮೂಲೆಯಲ್ಲಿ ಜಾಲಿ ಪೊದೆ, ಅದು ಜಾಲಿ ತಿರುವು. ಇನ್ನೊಂದು ಮೂಲೆಯಲ್ಲಿ ಊಟೆಯ ನೀರು ತುಂಬಿ ನಿಂತ ಆಳದ ಗುಂಡಿ, ಅದು ಬಾವಿ ತಿರುವು. ಒಂದೊಂದೇ ಕಾರು ಬಿಡುತ್ತಾರೆ. ಓಟ ಗಡಿಯಾರದ ಜೊತೆಗೆ.

ಇಲ್ಲಿಗೆ ಮೊದಲ ಸಲ ಬಂದ ದಿನ ಶಗುಫ್ತಾಗೆ ವಿಚಿತ್ರವೆನ್ನಿಸಿದ್ದು ವೇಗ ಅಲ್ಲ. ಅವಳಿಗೆ ಗೊತ್ತಿದ್ದ ರಸ್ತೆಗಳೆಲ್ಲ ಎಲ್ಲೋ ಒಂದು ಕಡೆ ಮುಗಿಯುತ್ತಿದ್ದವು, ಮುಗಿದಲ್ಲಿ ಏನನ್ನೋ ಇಳಿಸಬೇಕಿತ್ತು. ಈ ರಸ್ತೆ ಎಲ್ಲಿಗೂ ಹೋಗುತ್ತಿರಲಿಲ್ಲ. ಹೊರಟ ಜಾಗಕ್ಕೇ ಬಂದು ಸೇರುತ್ತಿತ್ತು, ಇಳಿಸುವುದಕ್ಕೆ ಏನೂ ಇರುತ್ತಿರಲಿಲ್ಲ. ಆ ರಾತ್ರಿ ಊಟಕ್ಕೆ ಕುಳಿತಾಗಲೂ ಅವಳ ಕೈಗಳು ಸುಮ್ಮನೆ ತಿರುಗುತ್ತಿದ್ದವು.

ಚೆನ್ನೈ ಹತ್ತಿರ ಇಂಥದ್ದೇ ರಸ್ತೆ ಡಾಂಬರಿನದ್ದಿದೆ, ಅಲ್ಲಿ ಸುತ್ತುವುದಕ್ಕೆ ಬಿಟ್ಟು ಬೇರೆ ಯಾತಕ್ಕೂ ಬಳಸುವುದಿಲ್ಲ ಎಂದು ಭಾಗ್ಯಶ್ರೀ ಹೇಳಿದ್ದಳು. ಫೆಬ್ರವರಿಯಲ್ಲಿ ಕ್ಲಬ್ಬಿನ ಇಬ್ಬರನ್ನು ಅಲ್ಲಿಗೆ ಕಳುಹಿಸುವುದಿತ್ತು. ಗಣಿಯ ಸುತ್ತನ್ನು ಒಂದು ನಿಮಿಷ ಹತ್ತು ಸೆಕೆಂಡಿನ ಒಳಗೆ ಮುಗಿಸಿದವರಿಗೆ ಅವಕಾಶ. ಸುಲೇಪೇಟದ ಚನ್ನು ಒಂದು ಜಾಗ ಆಗಲೇ ಹಿಡಿದಿದ್ದ. ಉಳಿದದ್ದು ಒಂದು; ಅದರ ಕೊನೆಯ ದಿನ ಡಿಸೆಂಬರಿನ ಈ ಭಾನುವಾರ. ಶಗುಫ್ತಾಗೆ ಆ ಎಲ್ಲಿಗೂ ಹೋಗದ ರಸ್ತೆ ಬೇಕಾಗಿತ್ತು. ಇಷ್ಟು ಬೇಕೆಂದು ಅವಳು ಬೇರೆ ಯಾವುದನ್ನೂ ಕೇಳಿದವಳಲ್ಲ.

ಹೋದ ತಿಂಗಳು ಅವಳ ಗಾಡಿ ಗಿರಗಿರನೆ ತಿರುಗಿದ್ದು ಬಾವಿ ತಿರುವಿನಲ್ಲಿ. ಹಾಜಿಸಾಬ ಮಗಳ ಓಟ ನೋಡಲು ಮೊದಲ ಸಲ ಬಂದ ದಿನವೂ ಅದೇ. ಕಾರು ಹಳೆಯದು, ಚಿಕ್ಕದು, ಸೆಕೆಂಡ್ ಹ್ಯಾಂಡಿಗೂ ಸೆಕೆಂಡ್ ಹ್ಯಾಂಡು. ತಿರುವಿನ ನಡುವೆ ಅದರ ಮೂತಿ ಸ್ವಲ್ಪ ಹೊರಗೆ ಸರಿದಂತಾಯಿತು. ಸರಿಯಿಲ್ಲ ಅನ್ನಿಸಿತು. ಅನ್ನಿಸಿದ ಕ್ಷಣಕ್ಕೇ, ಹತ್ತು ವರ್ಷದ ಅಭ್ಯಾಸದಂತೆ, ಕಾಲು ತಾನಾಗಿ ಮೇಲೆದ್ದಿತು. ಗಾಡಿಯ ಭಾರವೆಲ್ಲ ಮುಂದಕ್ಕೆ ಬಂದು ಬಾಲ ಹಗುರಾಯಿತು. ಹಗುರಾದ ಬಾಲ ಹೊರಗೆ ಹಾರಿತು. ಜಾಲಿ ಪೊದೆ, ಆಕಾಶ, ಬಿಳಿ ಕಲ್ಲು, ಮತ್ತೆ ಜಾಲಿ ಪೊದೆ. ಗಾಡಿ ನಿಂತಾಗ ಕಿಟಕಿಯ ತುಂಬ ಹಸಿರು ನೀರಿತ್ತು. ನೀರಿಗೆ ಬಿದ್ದಿರಲಿಲ್ಲ, ನಡುವೆ ಇನ್ನೂ ಎರಡು ಆಳು ಮಲಗುವಷ್ಟು ಜಾಗವಿತ್ತು. ಕನ್ನಡಿಯಲ್ಲಿ ನೋಡಿದರೆ ತಂದೆ ಓಡಿ ಬರುತ್ತಿದ್ದರು. ತೇವದ ಕಲ್ಲಿನ ಮೇಲೆ ಜಾರಿ ಬಿದ್ದರು, ಎದ್ದರು, ಮತ್ತೆ ಓಡಿದರು. ಅವರ ಅಂಗೈ ಸೀಳಿತ್ತು.

ಹಾಜಿಸಾಬ ಬೈಯಲಿಲ್ಲ. ಮನೆಯಲ್ಲಿ ಅವರದು ದಖನಿ ಮಾತು. ಬೈಯುವುದಿದ್ದರೆ, ವಾದ ಮಾಡುವುದಿದ್ದರೆ ಗಣಿಯಲ್ಲಿ ಕಲಿತ ಕನ್ನಡಕ್ಕೆ ಹೊರಳುತ್ತಾರೆ. ಆ ದಿನ ಎರಡೂ ಇಲ್ಲ. ಮರುದಿನ ಒಂದು ಫರಸಿ ಆರಿಸಿದರು. ಎರಡಡಿ ಚೌಕ, ಒಂದೂವರೆ ಇಂಚು ದಪ್ಪ, ಸುಮಾರು ನಲವತ್ತು ಕಿಲೋ. ಮುರಿದ ಕಲ್ಲಲ್ಲ, ಆಯ್ದ ನೀಲಿ ಕಲ್ಲು. ಬಿರುಕು ಬರದಂತೆ ತೂತು ಕೊರೆದು, ಕೆಳಗೆ ರಬ್ಬರ್ ಹಾಸಿ, ಕಾರಿನ ಡಿಕ್ಕಿಯ ತಳಕ್ಕೆ ಬೋಲ್ಟು ಹಾಕಿ ಬಿಗಿದರು. ನಟ್ಟುಗಳ ಮೇಲೆ ಹಸಿರು ಪೇಂಟಿನ ಒಂದೊಂದು ಗೆರೆ ಎಳೆದರು, ಯಾರಾದರೂ ಬಿಚ್ಚಿದರೆ ಗೊತ್ತಾಗಲಿ ಎಂದು. ಆಮೇಲೆ ಮಗಳ ಕಡೆಗೆ ತಿರುಗಿ, ಈ ಕಲ್ಲು ಇರುವ ತನಕ ನೀನು ಓಡಿಸಬಹುದು, ತೆಗೆಯುವುದಿಲ್ಲ ಎಂದು ಮಾತು ಕೊಡು ಎಂದರು. ಅಂಗೈಗೆ ಇನ್ನೂ ಪಟ್ಟಿ ಇತ್ತು. ಶಗುಫ್ತಾ ಮಾತು ಕೊಟ್ಟಳು.

ಆಗಿನಿಂದ ಅವಳಿಗೆ ಒಂದೇ ಕನಸು ಬೀಳುತ್ತಿತ್ತು. ಕನಸಿನಲ್ಲಿ ಕಾರಿನ ತುಂಬ ನೀರು, ಬಾವಿ ತಿರುವಿನ ಅದೇ ಹಸಿರು ನೀರು, ಎದೆಯ ಮಟ್ಟಕ್ಕೆ. ಉಸಿರು ಕಟ್ಟುತ್ತಿರಲಿಲ್ಲ, ಬಟ್ಟೆ ಒದ್ದೆಯಾಗುತ್ತಿರಲಿಲ್ಲ. ಅವಳು ಬ್ರೇಕ್ ಒತ್ತಿದರೆ ನೀರೆಲ್ಲ ಮುಂದಕ್ಕೆ ಬಂದು ಗಾಜಿಗೆ ಏರುತ್ತಿತ್ತು, ಹಿಂದಿನ ಸೀಟು ಒಣಗಿ ನಿಲ್ಲುತ್ತಿತ್ತು. ಎಕ್ಸಲೇಟರ್ ಒತ್ತಿದರೆ ನೀರು ಹಿಂದಕ್ಕೆ ಹೋಗಿ ಕೂರುತ್ತಿತ್ತು. ಎಡಕ್ಕೆ ತಿರುಗಿಸಿದರೆ ಬಲಗಿಟಕಿ ಹತ್ತುತ್ತಿತ್ತು. ಕಾಲನ್ನು ಮೆಲ್ಲಗೆ, ಹೂವಿನ ಮೇಲಿಟ್ಟಂತೆ ಇಟ್ಟು ಮೆಲ್ಲಗೆ ತೆಗೆದರೆ ಮಾತ್ರ ನೀರು ತಲೆಯ ಮೇಲಿನ ತುಂಬಿದ ಕೊಡದಂತೆ ತುಳುಕದೆ ಬರುತ್ತಿತ್ತು. ಹೀಗೇ ಓಡಿಸುತ್ತ ಇರುವಾಗ ಯಾವಾಗಲೋ ಕಾಲು ತಾನಾಗಿ ಮೇಲೇಳುತ್ತಿತ್ತು, ನೀರೆಲ್ಲ ಒಮ್ಮೆಲೇ ಮುಂದಕ್ಕೆ ನುಗ್ಗುತ್ತಿತ್ತು, ಎಚ್ಚರವಾಗುತ್ತಿತ್ತು.

ಈ ಕನಸನ್ನು ಅವಳು ಭಾಗ್ಯಶ್ರೀಗೆ ಹೇಳಿದಾಗ ಭಾಗ್ಯಶ್ರೀ ನಗಲಿಲ್ಲ. ಅದು ಕನಸಲ್ಲ, ನಡೆಯುವುದು ಹಾಗೆಯೇ, ಗಾಡಿಯ ಭಾರ ನೀರಿನ ಹಾಗೆಯೇ ಆಚೀಚೆ ಹರಿಯುತ್ತದೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ ಎಂದಳು.

*

ಭಾನುವಾರ ಮುಂಜಾನೆ ಗಣಿಯ ಮೇಲೆ ಮಂಜಿತ್ತು. ಸುಣ್ಣದ ಕಲ್ಲಿನ ಧೂಳು ಅದರಲ್ಲಿ ಬೆರೆತು, ಎಲ್ಲಿ ನೆಲ ಮುಗಿದು ಎಲ್ಲಿ ಗಾಳಿ ಶುರುವಾಯಿತು ಎಂದು ಹೇಳಲಾಗುತ್ತಿರಲಿಲ್ಲ. ವಾಡಿ ಜಂಕ್ಷನ್ನಿನ ಕಡೆಯಿಂದ ಗೂಡ್ಸ್ ಗಾಡಿಯ ಸದ್ದು ಬರುತ್ತಿತ್ತು. ಅದು ಎದುರಿನಿಂದ ಬರುತ್ತಿದೆಯೋ ಕೆಳಗಿನಿಂದ ಬರುತ್ತಿದೆಯೋ ತಿಳಿಯದು. ಮಂಜಿನೊಳಗಿಂದ ಒಬ್ಬೊಬ್ಬರೇ ಮೊದಲು ಕೆಮ್ಮಾಗಿ, ಆಮೇಲೆ ಮನುಷ್ಯರಾಗಿ ಹೊರಬಂದರು. ಹಾಜಿಸಾಬ ಪಿಕಪ್ ಓಡಿಸಿಕೊಂಡು ಬಂದಿದ್ದರು, ಹಿಂದೆ ಶಗುಫ್ತಾ ಕಾರಿನಲ್ಲಿ. ಬಂದವರೇ ಡಿಕ್ಕಿ ತೆಗೆಸಿ ಹಸಿರು ಗೆರೆಗಳನ್ನು ನೋಡಿದರು. ಗೆರೆ ಕದಲಿರಲಿಲ್ಲ.

ಚನ್ನು ಚಹಾ ಲೋಟ ಹಿಡಿದು ಬಂದು ಇಣುಕಿದ. ತೊಗರಿ ಕಾಳಿನ ವ್ಯಾಪಾರದ ಹುಡುಗ, ಬಾಯಿ ಸುಮ್ಮನಿರದು.

"ಅಕ್ಕಾ, ಎಲ್ಲಾರೂ ಗಾಡ್ಯಾಗಿನ ಸೀಟು ಕಿತ್ತಿ ಹಗರ ಮಾಡ್ಲಿಕತ್ತಾರ. ನೀ ಮನಿ ಕಟ್ಟಾಕ ಹೊಂಟೀದಿ ಏನ?"

"ನಿನ್ನ ಮನಿಗೇ ತಗೊಂಡು ಹೊಂಟೀನಿ," ಎಂದಳು ಶಗುಫ್ತಾ. "ಬಚ್ಚಲಕ್ಕ ಹಾಕ್ಕೊ."

ಮಂಜು ಏರಿದ ಮೇಲೆ ಓಟ ಶುರುವಾಯಿತು. ಪ್ರತಿಯೊಬ್ಬರಿಗೂ ಎರಡು ಸುತ್ತು, ನಡುವೆ ಬಿಡುವು. ಶಗುಫ್ತಾಳ ಮೊದಲ ಸುತ್ತು ನೋಡುವವರಿಗೆ ಚೆನ್ನಾಗಿಯೇ ಕಂಡಿತು. ಗಾಡಿ ನೆಟ್ಟಗೆ ಹೋಗುತ್ತಿತ್ತು, ಶಾಂತವಾಗಿತ್ತು. ಅವಳಿಗೆ ಮಾತ್ರ ಗೊತ್ತಿತ್ತು, ಅದು ನಿದ್ದೆಗಣ್ಣಿನವನ ಶಾಂತಿ. ಜಾಲಿ ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದರೆ ಮೂತಿ ಬೇಗ ತಿರುಗಲಿಲ್ಲ. ಕೇಳಿಸಿಕೊಂಡೂ ಕೇಳದ ಹಾಗೆ ಹೊರಗೆ ಹೊರಗೆ ಹೋಯಿತು. ತಿರುವಿನಿಂದ ಹೊರಬಂದು ಎಕ್ಸಲೇಟರ್ ಒತ್ತಿದರೆ ಮುಂದಿನ ಗಾಲಿಗಳು ಕಲ್ಲನ್ನು ಹಿಡಿಯದೆ ಜಾರಿದವು. ಬಾವಿ ತಿರುವಿನಲ್ಲಿ ಕಾಲು ಕೊಂಚ ಮೇಲೆದ್ದಿತು. ಏನೂ ಆಗಲಿಲ್ಲ ಎನ್ನುವಷ್ಟರಲ್ಲಿ, ತಡವಾಗಿ, ಹಿಂದಿನ ಕಲ್ಲು ಎಚ್ಚೆತ್ತು ಬಾಲವನ್ನು ಭಾರವಾಗಿ ಹೊರಕ್ಕೆ ಎಳೆಯತೊಡಗಿತು. ಮಕ್ಕಳು ಹಗ್ಗದ ತುದಿಗೆ ಕಲ್ಲು ಕಟ್ಟಿ ತಿರುಗಿಸುವ ಹಾಗೆ. ಅವಳು ವೇಗವನ್ನೆಲ್ಲ ಬಿಟ್ಟುಕೊಟ್ಟು ಗಾಡಿ ಉಳಿಸಿಕೊಂಡಳು.

ಗಡಿಯಾರ ಒಂದು ನಿಮಿಷ ಹತ್ತು ಸೆಕೆಂಡಿನ ಗೆರೆಗಿಂತ ಎರಡು ಸೆಕೆಂಡು ಹೆಚ್ಚು ತೋರಿಸಿತು.

ಭಾಗ್ಯಶ್ರೀ ಕಾರಿನ ಮುಂದಿನ ಟೈರುಗಳ ಮೇಲೆ ಕೈಯಾಡಿಸಿ ನೋಡಿ, ಅಂಚುಗಳಷ್ಟೇ ಬಿಸಿಯಾಗಿವೆ, ಮುಂದಿನ ಗಾಲಿಗಳು ನೆಲ ಒತ್ತುತ್ತಿಲ್ಲ ಎಂದಳು. ಕಲ್ಲು ತೆಗೆಯದೆ ಬೇರೆ ದಾರಿ ಇಲ್ಲ.

"ಮಾತ ಕೊಟ್ಟೀನ್ರಿ," ಎಂದಳು ಶಗುಫ್ತಾ.

ಚನ್ನುವಿನ ಬಳಿ ಉಪಾಯವಿತ್ತು. ಹಾಜಿ ಚಾಚಾ ಪಿಕಪ್ಪಿನ ಆಚೆ ಕುಳಿತು ಚಹಾ ಕುಡಿಯುತ್ತಿದ್ದಾರೆ. ಈಗಲೇ ನಟ್ಟು ಬಿಚ್ಚಿ ಕಲ್ಲು ಪೊದೆಗೆ ಸರಿಸಿದರೆ, ಓಟ ಮುಗಿದ ಮೇಲೆ ಮತ್ತೆ ಬಿಗಿದು ಹಸಿರು ಗೆರೆ ಎಳೆದುಬಿಟ್ಟರೆ ಆಯಿತು. ಪೇಂಟು ತನ್ನ ಗಾಡಿಯಲ್ಲೇ ಇದೆ. ಶಗುಫ್ತಾ ಒಂದು ಗಳಿಗೆ ಅದನ್ನು ಯೋಚಿಸಿದಳು ಕೂಡ. ಎರಡು ಸೆಕೆಂಡು ಎನ್ನುವುದು ಒಂದು ಸೀನಿನಷ್ಟು ಹೊತ್ತು. ಆದರೆ ಆ ಕದ್ದ ಸುತ್ತಿನಲ್ಲಿ ಬಾವಿ ತಿರುವಿಗೆ ಬಂದಾಗ ತಾನು ಮುಂದೆ ನೋಡುವುದಿಲ್ಲ, ತಂದೆ ನಿಂತ ಜಾಗ ನೋಡುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ಗಾಡಿ ಹೋಗುವುದು ಕಣ್ಣು ಹೋದ ಕಡೆಗೆ.

ಅವಳು ಪಿಕಪ್ಪಿನ ಆಚೆಗೆ ಹೋದಳು. ಹಾಜಿಸಾಬ ನೆಲದ ಮೇಲೆ ಕುಳಿತು ಗಣಿಯ ಗೋಡೆ ನೋಡುತ್ತಿದ್ದರು. ಯಾವ ಪದರ ಎಷ್ಟು ದಪ್ಪ, ಯಾವುದು ಪಾಲಿಶಿಗೆ ಬರುತ್ತದೆ ಎಂದು ಅವರ ಕಣ್ಣು ತಾನಾಗಿ ಲೆಕ್ಕ ಹಾಕುತ್ತಿರುತ್ತದೆ. ಮಗಳು ಅಬ್ಬಾ ಎಂದು ಕರೆದು ದಖನಿಯಲ್ಲಿ ಶುರು ಮಾಡಿದಳು. ಕಲ್ಲು ತೆಗೆಯಬೇಕು ಎಂಬ ಮಾತು ಬಾಯಿಂದ ಬಿದ್ದದ್ದೇ ಅವರು ಕನ್ನಡಕ್ಕೆ ಬಂದರು.

"ತಗ್ಯಾಂಗಿಲ್ಲ. ಮಾತ ಕೊಟ್ಟಿದ್ದಿ."

"ಕೊಟ್ಟೀನಿ. ಅದಕ್ಕ ಕೇಳಾಕ ಬಂದೀನಿ."

"ಹಿಂದ ಕಲ್ಲ ಇಲ್ದ ಗಾಡಿ ಶಾಬಾದನ್ಯಾಗ ಯಾರ ಓಡಸ್ತಾರ? ಆ ಮೇಡಮ್ಮೋರು ಸಿಮಿಟ್ ಮಾಡ್ತಾರ, ಕಲ್ಲ ಅರದು ಪುಡಿ ಮಾಡಾವ್ರು. ಅವ್ರಿಗೇನ ಗೊತ್ತ ಕಲ್ಲಿಂದು?"

ಶಗುಫ್ತಾ ವಾದಿಸಲಿಲ್ಲ. ಪಕ್ಕದಲ್ಲಿ ಕುಳಿತಳು. ಆಮೇಲೆ ಅವಳು, ತಂದೆ ಹರೆಯದಲ್ಲಿ ಗಣಿಯಿಂದ ಸ್ಟೇಷನ್ನಿಗೆ ಎತ್ತಿನ ಬಂಡಿಯಲ್ಲಿ ಕಲ್ಲು ಸಾಗಿಸುತ್ತಿದ್ದ ದಿನಗಳ ಮಾತು ತೆಗೆದಳು. ಅದು ಅವರಿಗೆ ಇಷ್ಟದ ಮಾತು. ಎತ್ತುಗಳ ಹೆಸರುಗಳು ಈಗಲೂ ಬಾಯಲ್ಲಿದ್ದವು.

"ಅಬ್ಬಾ, ಬಂಡ್ಯಾಗ ಕಲ್ಲ ಹ್ಯಾಂಗ ಹೇರ್ತಿದ್ರಿ?"

"ಹ್ಯಾಂಗಂದ್ರ? ಅಚ್ಚಿನ ಮ್ಯಾಲ. ಒಂಚೂರು ಮುಂದಕ್ಕ."

"ಹಿಂದಕ್ಕ ಹೇರಿದ್ರ?"

"ಹಿಂದಕ್ಕ ಹೇರಿದ್ರ ನೊಗ ಮ್ಯಾಲ ಏಳ್ತದ. ಎತ್ತಿನ ಕೊರಳಿನ ಹಗ್ಗ ಬಿಗೀತದ. ಎಳಿಯೂದು ಬಿಟ್ಟು ಕಾಲ ತೇಲಸ್ತಾವ. ಯಾವ ಹುಚ್ಚ ಹಿಂದಕ್ಕ ಹೇರ್ತಾನ?"

ಅವಳು ಎದ್ದು ಅವರನ್ನು ಕಾರಿನ ಬಳಿಗೆ ಕರೆದುಕೊಂಡು ಬಂದಳು. ಮುಂದಿನ ಗಾಲಿಯ ಮೇಲೆ ಕೈಯಿಟ್ಟಳು.

"ಈ ಗಾಡಿಗಿ ಎತ್ತು ಇಲ್ಲಿ ಅದಾವ."

ಹಾಜಿಸಾಬ ಗಾಲಿ ನೋಡಿದರು. ಕಾರೆಂದರೆ ಮೇಲೆ ತಗಡು ಹಾಕಿದ ಚಿಕ್ಕ ಪಿಕಪ್ಪು ಎಂದೇ ಅವರು ಇಷ್ಟು ದಿನ ತಿಳಿದಿದ್ದದ್ದು. ಎಲ್ಲ ಗಾಡಿಯನ್ನೂ ದೂಡುವುದು ಹಿಂದಿನ ಗಾಲಿ. ಮುಂದಿನಿಂದ ಎಳೆಯುವುದು ಎತ್ತು ಮಾತ್ರ. ಈ ಊರಿನ ಯಾವ ಡ್ರೈವರನ್ನು ಕೇಳಿದರೂ ಅಷ್ಟೇ ಹೇಳುತ್ತಿದ್ದ, ಯಾವನಾದರೂ ಅಲ್ಲೇ ಕಲ್ಲು ಬಿಗಿಯುತ್ತಿದ್ದ. ಅವರು ಬಗ್ಗಿ ಗಾಲಿಯ ಹಿಂದೆ ಕೈ ಹಾಕಿ, ಇಂಜಿನ್ನಿನಿಂದ ಗಾಲಿಗೆ ಬರುವ ಕಬ್ಬಿಣದ ಸಲಾಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಹಿಂದಕ್ಕೆ ನಡೆದು ಡಿಕ್ಕಿ ನೋಡಿದರು. ಕಲ್ಲು ಹಿಂದಿನ ಗಾಲಿಯ ಅಚ್ಚಿಗಿಂತಲೂ ಹಿಂದೆ ಇತ್ತು.

"ಮತ್ತ ಆ ದಿನ ಬಾಲ ಯಾಕ ತಿರಗ್ತು?"

"ನಾ ಕಾಲ ತಗದೆ. ವಜನೆಲ್ಲ ಮುಂದ ಬಂತು. ಹಿಂದ ಹಿಡ್ಕೊಳ್ಳಾಕ ಏನೂ ಉಳೀಲಿಲ್ಲ."

"ಕಾಲ ತಗೀ ಅಂತ ಕಲಿಸಿದಾವ ನಾನ."

"ಫರಸಿ ತುಂಬಿದ ಗಾಡಿಗಿ ಅದು ಖರೆ ಅದ, ಅಬ್ಬಾ. ಈಗೂ ಹಂಗ ಓಡಸ್ತೀನಿ."

ಹಾಜಿಸಾಬ ತಮ್ಮ ಅಂಗೈ ನೋಡಿಕೊಂಡರು. ಗಾಯ ಮಾಯ್ದು ಬಿಳಿ ಗೆರೆ ಉಳಿದಿತ್ತು.

"ಕಲ್ಲ ತಗದ್ರ, ಆ ನೀರಿನ ಬಾಜು ಕಾಲ ತಗೀತಿ ಏನ?"

"ತಗ್ಯಾಂಗಿಲ್ಲ."

"ಇದು ಮಾತ?"

"ಮಾತ."

ಅವರು ನಟ್ಟಿನ ಪಾನಾ ಕೇಳಿದರು. ಚನ್ನು ತಂದುಕೊಟ್ಟ. ಬಿಚ್ಚಲು ಶಗುಫ್ತಾ ಬಗ್ಗಿದಾಗ ಅವಳ ಕೈ ಸರಿಸಿ, ನಟ್ಟು ಬಿಚ್ಚುವವನು ನಾನೇ, ನಿನ್ನ ಅವಸರಕ್ಕೆ ಕಲ್ಲಿನ ಮೂಲೆ ಹೋದೀತು ಎಂದರು. ಹಸಿರು ಗೆರೆಗಳು ಒಂದೊಂದಾಗಿ ಮುರಿದವು. ಚನ್ನು ಮತ್ತು ಇನ್ನೊಬ್ಬ ಕಲ್ಲು ಹೊತ್ತರು. ಎಲ್ಲಿ ಇಡಲಿ ಎಂದು ಕೇಳಿದರೆ ಹಾಜಿಸಾಬ ಬಾವಿ ತಿರುವಿನ ಕಡೆ ಕೈ ತೋರಿಸಿದರು. ಹಗ್ಗದ ಆಚೆ, ಪ್ರೇಕ್ಷಕರು ನಿಲ್ಲುವ ಏರಿನಲ್ಲಿ, ಎರಡು ಗುಂಡುಕಲ್ಲುಗಳ ಮೇಲೆ ಫರಸಿಯನ್ನು ಕಟ್ಟೆಯಂತೆ ಇರಿಸಿದರು. ಇದು ಸಪಾಟಿಲ್ಲ ಎಂದು ಹಾಜಿಸಾಬ ಕೆಳಗೆ ಒಂದು ಚಕ್ಕೆ ತುರುಕಿಸಿದರು, ಆಮೇಲೆ ಕೈಯಿಂದ ಧೂಳು ಒರೆಸಿ ಕುಳಿತರು.

ಇಷ್ಟು ದೂರ ಕಲ್ಲು ಹೊತ್ತದ್ದಕ್ಕೆ ಚಾಚಾ ಏನಾದರೂ ಕೊಡಬೇಕು ಎಂದು ಚನ್ನು ಬೆನ್ನು ಹಿಡಿದುಕೊಂಡು ಹೇಳಿದ. ಚಾಚಾ, ನಿನ್ನ ಮದುವೆಗೆ ಇದನ್ನೇ ಉಡುಗೊರೆ ಕೊಡುತ್ತೇನೆ, ಹೊತ್ತುಕೊಂಡು ಹೋಗು ಎಂದರು.

*

ಎರಡನೆಯ ಸುತ್ತಿಗೆ ಹೊತ್ತು ಏರಿತ್ತು. ಮಂಜು ಪೂರ್ತಿ ಹೋಗಿರಲಿಲ್ಲ. ಮೇಲಕ್ಕೆ ಹೋಗಿ ಗಣಿಯ ಬಾಯಿಗೆ ತೆಳು ಬಟ್ಟೆಯಂತೆ ಮುಚ್ಚಿಕೊಂಡಿತ್ತು. ಅದರ ಕೆಳಗೆ ನೆಲ, ಗೋಡೆ, ಬೆಳಕು ಎಲ್ಲ ಒಂದೇ ಬಿಳಿ ಬಣ್ಣ. ಭಾಗ್ಯಶ್ರೀ ಬಾವುಟ ಇಳಿಸಿದಳು.

ಹೊರಟ ಗಳಿಗೆಯಲ್ಲೇ ಗಾಡಿ ಬೇರೆಯಾಗಿತ್ತು. ಬೆನ್ನಿನ ಹಿಂದೆ ಯಾರೋ ಇಷ್ಟು ದಿನ ಕುಳಿತಿದ್ದವರು ಎದ್ದುಹೋದಂತೆ. ಜಾಲಿ ತಿರುವಿಗೆ ಮೊದಲು ಶಗುಫ್ತಾ ನೆಟ್ಟಗಿನ ದಾರಿಯಲ್ಲೇ ಬ್ರೇಕ್ ಒತ್ತಿದಳು. ಭಾರ ಮುಂದಕ್ಕೆ ಬರುವುದನ್ನು ಕಾದಳು. ಬಂತು, ಕನಸಿನ ನೀರಿನ ಹಾಗೆಯೇ ಮುಂದಿನ ಗಾಲಿಗಳ ಮೇಲೆ ಏರಿ ನಿಂತಿತು. ಕಾಲನ್ನು ಬ್ರೇಕಿನಿಂದ ಒಮ್ಮೆಲೇ ತೆಗೆಯದೆ, ಸ್ಟೇರಿಂಗ್ ಎಷ್ಟು ತಿರುಗಿತೋ ಅಷ್ಟಷ್ಟೇ ಬಿಡುತ್ತ ಬಂದಳು. ಮೂತಿ ಹೇಳಿದ ಮಾತು ಕೇಳಿ ಒಳಕ್ಕೆ ಬಂತು. ಜಾಲಿಯ ಮುಳ್ಳುಗಳು ಕಿಟಕಿಯ ಪಕ್ಕದಲ್ಲಿ ಒಂದೊಂದಾಗಿ, ಎಣಿಸಬಹುದಾದಷ್ಟು ನಿಧಾನವಾಗಿ ಹೋದವು.

ಮುಂದಿನ ದಾರಿಯಲ್ಲಿ ಸದ್ದೇ ಇರಲಿಲ್ಲ. ಇಂಜಿನ್ ಕೂಗುತ್ತಿದ್ದಿರಬೇಕು, ಅವಳಿಗೆ ಕೇಳಿಸಲಿಲ್ಲ. ಕೇಳಿಸಿದ್ದು ಗಾಲಿಗಳ ಕೆಳಗಿನ ಕಲ್ಲು. ಒಂದು ಪದರದಿಂದ ಇನ್ನೊಂದು ಪದರಕ್ಕೆ ಗಾಡಿ ಇಳಿಯುವಾಗ ಸಣ್ಣ ಟಕ್, ಆಮೇಲೆ ನಯ, ಮತ್ತೆ ಟಕ್. ಮನೆಯ ಪಡಸಾಲೆಯಲ್ಲಿ ಬರಿಗಾಲಲ್ಲಿ ನಡೆದಾಗ ಸಂದುಗಳು ಕಾಲಿಗೆ ತಾಗುವ ಹಾಗೆ. ಇದು ಅವಳಿಗೆ ಗೊತ್ತಿದ್ದ ನೆಲ. ಅವಳು ನಡೆಯಲು ಕಲಿತದ್ದು ಇದರ ಮೇಲೆ.

ಬಾವಿ ತಿರುವು ಬಂತು. ಹಸಿರು ನೀರು ಮೊದಲು ಕಣ್ಣಿನ ಅಂಚಿನಲ್ಲಿ ಕಾಣಿಸಿಕೊಂಡಿತು, ಆಮೇಲೆ ಅರ್ಧ ಗಾಜು ತುಂಬಿತು. ಅವಳು ಅದನ್ನು ನೋಡದೆ ತಿರುವಿನ ಆಚೆಯ ಸುಣ್ಣದ ಕಲ್ಲನ್ನು ನೋಡಿದಳು. ಬ್ರೇಕ್, ಕಾಯುವುದು, ತಿರುಗಿಸುವುದು, ಬಿಡುವುದು. ನಡುವೆ, ಅದೇ ಜಾಗದಲ್ಲಿ, ತೇವದ ಕಲ್ಲಿನ ಮೇಲೆ ಮೂತಿ ಒಂದು ಚೂರು ಹೊರಗೆ ಜಾರಿತು.

ಸರಿಯಿಲ್ಲ ಎಂದಿತು ಮೈ.

ಬಲಗಾಲು ಏಳಲು ಹೊರಟಿತು. ಹತ್ತು ವರ್ಷದ ಕಲ್ಲುಗಳೆಲ್ಲ, ಹುಲ್ಲಿನ ನಡುವೆ ಅಂಚಿನ ಮೇಲೆ ನಿಂತ ಅಷ್ಟೂ ಫರಸಿಗಳು ಅವಳ ಬೆನ್ನ ಹಿಂದಿನಿಂದ ಒಂದೇ ದನಿಯಲ್ಲಿ ತೆಗೆ ತೆಗೆ ಎಂದ ಹಾಗಿತ್ತು. ಆದರೆ ಹಿಂದೆ ಕಲ್ಲಿರಲಿಲ್ಲ. ಕಲ್ಲು ಎದುರಿನ ಏರಿನಲ್ಲಿತ್ತು, ಅದರ ಮೇಲೆ ಮಾತು ತೆಗೆದುಕೊಂಡವರು ಕುಳಿತಿದ್ದರು. ಅವಳು ಕಾಲನ್ನು ಇದ್ದಲ್ಲೇ ಇಟ್ಟಳು. ಒತ್ತಲಿಲ್ಲ, ತೆಗೆಯಲಿಲ್ಲ. ಸ್ಟೇರಿಂಗನ್ನು ಕೂದಲೆಳೆಯಷ್ಟು ಸಡಿಲಿಸಿ, ತಿರುಗು ಎಂದು ಮತ್ತೆ ಕೇಳಿದಳು. ಗಾಲಿಗಳು ಹಿಡಿದವು. ಬಾಲ ಸ್ವಲ್ಪ ಹೊರಗೆ ತೇಲಿತು. ಹಾರಲಿಲ್ಲ, ತೇಲಿತು, ಮಲಗಿದ ಮಗು ಹೊರಳಿದ ಹಾಗೆ. ಮೂತಿ ತಾನಾಗಿ ದಾರಿಯ ಕಡೆ ನೋಡಿತು. ಇಡೀ ಗಾಡಿ ನಾಲ್ಕು ಗಾಲಿಗಳ ಮೇಲೂ ಒಂದೇ ಸಮ ಜಾರುತ್ತಿತ್ತು, ಒಂದೇ ಸಮ ಹಿಡಿದಿತ್ತು. ಈ ಸ್ಥಿತಿ ಎಷ್ಟು ಹೊತ್ತಿತ್ತೋ. ಗಡಿಯಾರದ ಪ್ರಕಾರ ಒಂದು ಸೆಕೆಂಡೂ ಇರಲಾರದು. ಶಗುಫ್ತಾಗೆ ಮಾತ್ರ ಅದರೊಳಗೆ ನೀರಿನ ಮೇಲೆ ಬಿದ್ದ ಮೋಡದ ನೆರಳು ನೋಡಲೂ ಪುರಸೊತ್ತು ಸಿಕ್ಕಿತು. ತುಂಬಿದ ಕೊಡ ತುಳುಕಲಿಲ್ಲ.

ಆಮೇಲೆ ಸುಣ್ಣದ ಕಲ್ಲು ಪಕ್ಕದಿಂದ ಹೋಯಿತು, ಎಕ್ಸಲೇಟರ್ ನೆಲ ಮುಟ್ಟಿತು, ಸದ್ದುಗಳೆಲ್ಲ ವಾಪಸು ಬಂದವು.

ಭಾಗ್ಯಶ್ರೀ ಗಡಿಯಾರವನ್ನು ಅವಳ ಮುಂದೆ ಹಿಡಿದಳು. ಒಂದು ನಿಮಿಷ ಒಂಬತ್ತು ಸೆಕೆಂಡು ಚಿಲ್ಲರೆ. ಆ ದಿನ ಹತ್ತರ ಒಳಗೆ ಬಂದವಳು ಇವಳೊಬ್ಬಳೇ. ಆಮೇಲೆ, ಫೆಬ್ರವರಿಯಲ್ಲಿ ಚೆನ್ನೈನಲ್ಲೂ ಭಾಳ ಬಿಸಿಲು ಇರ್ತದ, ಟೊಪಗಿ ತಗೊ ಎಂದಳು. ಶಗುಫ್ತಾ ತಲೆಯಾಡಿಸಿದಳು.

ಬಾವಿ ತಿರುವಿಗೆ ಅವಳು ನಡೆದೇ ಹೋದಳು. ದಾರಿಯಲ್ಲಿ ತನ್ನ ಗಾಲಿಗಳ ಗುರುತು ಕಾಣಿಸಿತು: ಬಿಳಿ ಧೂಳಿನಲ್ಲಿ ಎರಡು ಕಪ್ಪು ಗೆರೆ, ನೀರಿನಿಂದ ದೂರಕ್ಕೆ ಬಾಗಿ ಹೋದದ್ದು. ಹಾಜಿಸಾಬ ಕಲ್ಲಿನ ಮೇಲೆ ಕುಳಿತೇ ಇದ್ದರು. ಅವಳಿಗೆ ಜಾಗ ಕೊಡಲು ಒಂದು ಬದಿಗೆ ಸರಿದರು.

"ಕಾಲ ತಗೀಲಿಲ್ಲಲ?"

"ಇಲ್ಲ."

"ನಾ ಎದ್ದು ನಿಂತಿದ್ದೆ ಅಂತ ಆ ಚನ್ನು ಹೇಳಿದ್ರ ನಂಬಬ್ಯಾಡ."

ಚನ್ನು ಆಗಲೇ ಹೇಳಿದ್ದ. ಶಗುಫ್ತಾ ನಂಬಲಿಲ್ಲ ಎಂದಳು. ಕಲ್ಲು ತಣ್ಣಗಿತ್ತು, ಅವರು ಕುಳಿತಿದ್ದ ಜಾಗ ಮಾತ್ರ ಬೆಚ್ಚಗೆ. ಅವರು ಚೆನ್ನೈನ ಆ ರಸ್ತೆಯ ಬಗ್ಗೆ ಕೇಳಿದರು: ಎಷ್ಟು ಉದ್ದ, ಯಾವ ಊರಿಂದ ಯಾವ ಊರಿಗೆ. ಎಲ್ಲಿಗೂ ಇಲ್ಲ, ಹೊರಟಲ್ಲಿಗೇ ಬರುತ್ತದೆ ಎಂದಳು. ಹಾಜಿಸಾಬ ಅದನ್ನು ಬಾಯಲ್ಲಿ ಅಡಿಕೆಯ ಹಾಗೆ ಸ್ವಲ್ಪ ಹೊತ್ತು ಇಟ್ಟುಕೊಂಡರು. ಮುಂಜಾನೆಯಿಂದ ಸಂಜೆವರೆಗೆ ಗಾಣದ ಎತ್ತೂ ಅಷ್ಟೇ ಮಾಡುತ್ತದೆ, ಆದರೆ ಅದು ನಿನ್ನಷ್ಟು ಖುಷಿಯಾಗಿರುವುದಿಲ್ಲ ಎಂದರು.

ಸಂಜೆಗೆ ಮೊದಲೇ ಹೊರಟರು. ಕಲ್ಲನ್ನು ಕಾರಿಗೆ ಯಾರೂ ಒಯ್ಯಲಿಲ್ಲ. ಪಿಕಪ್ಪಿನ ಹಿಂದೆ, ಮುರಿದ ಅಂಚಿನ ಹಳೆಯ ಕಲ್ಲುಗಳ ಪಕ್ಕ, ಗಾಲಿಯ ಅಚ್ಚಿನ ನೇರಕ್ಕೆ ಹಾಜಿಸಾಬ ಅದನ್ನು ಮಲಗಿಸಿದರು. ಕೈಯಿಂದ ಒತ್ತಿ ನೋಡಿದರು. ಒಂದು ಅಂಗುಲ ಮುಂದಕ್ಕೆ ಸರಿಸಿದರು.

ಶಹಾಬಾದ್ ರಸ್ತೆಯಲ್ಲಿ ಧೂಳು ಮತ್ತೆ ಮಂಜಾಗುತ್ತಿತ್ತು. ಶಗುಫ್ತಾ ಹಗುರವಾದ ಕಾರಿನಲ್ಲಿ ಪಿಕಪ್ಪಿನ ಹಿಂದೆ ಹಿಂದೆ ಬಂದಳು. ತಂದೆ ತಿರುವುಗಳಿಗೆ ಮೊದಲೇ ಬ್ರೇಕ್ ಒತ್ತುತ್ತಿದ್ದರು, ಒಳಗೆ ಮುಟ್ಟುತ್ತಿರಲಿಲ್ಲ. ಗುಂಡಿಗಳ ಮೇಲೆ ಹೋದಾಗಲೂ ಪಿಕಪ್ಪಿನ ಬಾಲ ಕುಣಿಯಲಿಲ್ಲ. ನೀಲಿ ಕಲ್ಲು ಅಲುಗದೆ, ತನ್ನ ಮೇಲೆ ಬಿದ್ದ ಸಂಜೆ ಬೆಳಕನ್ನು ಚೆಲ್ಲದೆ ಮುಂದೆ ಮುಂದೆ ಹೋಗುತ್ತಿತ್ತು.